ಚನ್ನಗಿರಿ ಪಂದ್ಯದ ಮುಚ್ಚಳಿಕೆ

೧೯೭೯ರ ಜನವರಿ ತಿಂಗಳ ಒಂದು ಭಾನುವಾರ ಚನ್ನಗಿರಿಯ ಶಾಲಾ ಮೈದಾನದಲ್ಲಿ ನಿವೃತ್ತ ನೌಕರರ ಬಾಲ್ ಬ್ಯಾಡ್ಮಿಂಟನ್ ಪಂದ್ಯ ನಡೆಯಿತು. ನಮ್ಮ ಹೊನ್ನಾಳಿ–ನ್ಯಾಮತಿ ತಂಡ ಜಗಳೂರು ತಂಡವನ್ನು ಸೋಲಿಸಿತು. ಆಟ ಶುರುವಾಗುವ ಮೊದಲು ನಮ್ಮ ತಂಡದ ಆಟಗಾರರೊಬ್ಬರು ತಮ್ಮ ವಯಸ್ಸಿನ ಬಗ್ಗೆ ಒಂದು ಮುಚ್ಚಳಿಕೆ ಪತ್ರಕ್ಕೆ ಸಹಿ ಹಾಕಿದರು. ಆ ಪತ್ರ ಬರೆದವನು ನಾನು.

ನಾನು ಆಟಗಾರನಲ್ಲ. ಮೂವತ್ತು ವರ್ಷ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕುಳಿತು ಬೇರೆಯವರು ಬರೆದದ್ದನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು, ೧೯೭೬ರಲ್ಲಿ ಹೊನ್ನಾಳಿಗೆ ವಾಪಸಾದೆ. ಆಮೇಲೆ ಮಾಡಲು ಉಳಿದದ್ದು ಇಷ್ಟು: ಬೆಳಿಗ್ಗೆ ಹೊಳೆಯವರೆಗೆ ನಡೆಯುವುದು, ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟು ಇಳಿಯುವುದನ್ನು ಕಾಯುವುದು, ಮನೆಗೆ ತಂದು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕುವುದು.

"ಅವ್ರು ಸಂಬಳ ಕೊಡೋದು ನಿಲ್ಸಿದಾರೆ. ನೀವಿನ್ನೂ ತಿದ್ದೋದು ನಿಲ್ಸಿಲ್ಲ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಊರಿನ ಸುದ್ದಿಯನ್ನು ಆಗೀಗ ಅದೇ ಪತ್ರಿಕೆಗೆ ಅಂಚೆಯಲ್ಲಿ ಕಳಿಸುವ ಒಪ್ಪಂದ ಮಾಡಿಕೊಂಡಿದ್ದೆ. ಅದೊಂದೇ ನನ್ನ ಹಳೆಯ ಕೆಲಸದ ಬಾಲ.

ಹೈಸ್ಕೂಲಿನ ಹಿಂದೆ ನಿವೃತ್ತರು ಒಂದು ಆಟದ ಅಂಗಣ ಮಾಡಿಕೊಂಡಿದ್ದರು. ಬೆಳಿಗ್ಗೆ ಆರೂವರೆಗೆ ಆಟ. ಮೊದಲ ದಿನ ನೋಡಲು ಹೋದ ನನ್ನ ಕಣ್ಣಿಗೆ ಬಿದ್ದದ್ದು ಆಟವಲ್ಲ, ಹಾಜರಿ ಪುಸ್ತಕ. ತಂಡದ ನಾಯಕರು ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರು. ಬಲೆ ಕಟ್ಟುವ ಮೊದಲು ಪುಸ್ತಕ ತೆರೆದು ಎಲ್ಲರ ಸಹಿ ಹಾಕಿಸುತ್ತಿದ್ದರು. ಆರು ನಲವತ್ತಕ್ಕೆ ಕೆಂಪು ಗೆರೆ. ಬಾರದವರು ಮರುದಿನ ರಜೆ ಚೀಟಿ ತರಬೇಕು. "ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರವಿದ್ದ ಪ್ರಯುಕ್ತ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ" ಎಂಬ ಚೀಟಿಯನ್ನು ನಾನೇ ನೋಡಿದ್ದೇನೆ. ಶಿರಸ್ತೇದಾರರು ಕೆಳಗೆ "ಮಂಜೂರು" ಎಂದು ಬರೆದು, ತಾರೀಖು ಹಾಕಿ, ದಾರ ಪೋಣಿಸಿದ ಕಡತಕ್ಕೆ ಸೇರಿಸುತ್ತಿದ್ದರು. ಎಲ್ಲರೂ ಇದನ್ನು ತಮಾಷೆ ಎಂದೇ ಹೇಳುತ್ತಿದ್ದರು. ಚೀಟಿ ತರುವುದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ.

ನಾನೂ ನಕ್ಕೆ. ಒಂದು ವಾರದೊಳಗೆ ನಾನೂ ಚೀಟಿ ಬರೆದೆ. ಅಕ್ಷರ ಚೆನ್ನಾಗಿದೆ ಎಂದು ಅಂಕ ಬರೆಯುವ ಕೆಲಸ ನನಗೆ ಬಂತು.

ಆ ತಂಡದಲ್ಲಿ ನಿಜವಾಗಿ ಆಟ ಬಲ್ಲವರು ಒಬ್ಬರೇ. ಸರ್ಕಾರಿ ಕಚೇರಿಯೊಂದರಲ್ಲಿ ಜೀಪ್ ಓಡಿಸಿ ೧೯೭೮ರ ಮಧ್ಯದಲ್ಲಿ ನಿವೃತ್ತರಾದವರು. ಎಲ್ಲರೂ ಅವರನ್ನು ಡ್ರೈವರ್ ಎಂದೇ ಕರೆಯುತ್ತಿದ್ದರು. ಮನೆ ನ್ಯಾಮತಿಯಲ್ಲಿ. ಮೊದಲ ಬಸ್ಸಿಗೆ ಬಂದು, ಆಡಿ, ಒಂಬತ್ತರ ಬಸ್ಸಿಗೆ ಹಿಂದಿರುಗುತ್ತಿದ್ದರು. ಈ ಆಟದ ಚೆಂಡು ಹಳದಿ ಉಣ್ಣೆಯದು. ಇಬ್ಬನಿಯಲ್ಲಿ ನೆನೆದರೆ ಭಾರವಾಗುತ್ತದೆ, ವಯಸ್ಸಾದ ತೋಳಿಗೆ ಬಲೆ ದಾಟಿಸುವುದೇ ಕಷ್ಟ. ಡ್ರೈವರ್ ಮಧ್ಯದ ಸ್ಥಾನದಲ್ಲಿ ನಿಂತು, ಮುಂದಿನವರು ಬಿಟ್ಟದ್ದನ್ನೂ ಹಿಂದಿನವರಿಗೆ ಎಟುಕದ್ದನ್ನೂ ತಾವೇ ಹೊಡೆಯುತ್ತಿದ್ದರು. ಉಳಿದ ನಾಲ್ವರು ಹೆಚ್ಚಾಗಿ ಕೂಗುತ್ತಿದ್ದರು.

ಅವರ ಆಟಕ್ಕೆ ಒಂದು ಕಾರಣವಿತ್ತು, ಅದು ತಂಡಕ್ಕೆಲ್ಲ ಗೊತ್ತಿತ್ತು. ಆಗ ನಿವೃತ್ತಿ ಐವತ್ತೈದಕ್ಕೆ. ಡ್ರೈವರಿಗೆ ಆಗಿದ್ದದ್ದು ಐವತ್ತೊಂದು.

ಆಟ ಮುಗಿದು ಚಹಾ ಕುಡಿಯುವಾಗ ಅವರೇ ನನಗೆ ವಿವರಿಸಿದ್ದರು. ಅವರ ತಂದೆತಾಯಿಗೆ ಮೊದಲು ಹುಟ್ಟಿದ ಗಂಡುಮಗುವಿಗೆ ಅಜ್ಜನ ಹೆಸರಿಟ್ಟಿದ್ದರು. ಅದು ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಮುಂದೆ ಇವರು ಹುಟ್ಟಿದಾಗ, ಅಜ್ಜನ ಹೆಸರು ಮನೆಯಲ್ಲಿ ನಿಲ್ಲಬೇಕೆಂದು ಅದೇ ಹೆಸರನ್ನು ಇವರಿಗೂ ಇಟ್ಟರು. ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಕೇಳಿದರು. ಊರಿನ ಜನನ ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ಇದ್ದದ್ದು ಸತ್ತ ಅಣ್ಣನ ತಾರೀಖು. ಅದನ್ನೇ ನಕಲು ಮಾಡಿ ಕೊಟ್ಟರು. ಶಾಲೆಯಿಂದ ಅದು ನೌಕರಿಗೆ ಬಂತು. ನಿವೃತ್ತಿಯ ಕಾಗದಪತ್ರ ತಯಾರಾಗುವಾಗ ಮನೆಯವರ ವಿವರ ಬರೆದು ನೋಡಿದರೆ, ಅವರಿಗೂ ತಂಗಿಗೂ ಆರು ವರ್ಷದ ಅಂತರ. ತಾಯಿ ಯಾವಾಗಲೂ ಹೇಳುತ್ತಿದ್ದದ್ದು ಎರಡು. ರಿಜಿಸ್ಟರ್ ತೆಗೆಸಿ ನೋಡಿದರೆ ಅಣ್ಣನ ಮರಣವೂ ದಾಖಲಾಗಿತ್ತು.

"ಅಲ್ಲಿಗೆ ಸರ್ಕಾರ ರಿಟೈರ್ ಮಾಡಿದ್ದು ನಮ್ಮಣ್ಣನ್ನ ಸಾರ್. ನನ್ನಲ್ಲ" ಎಂದಿದ್ದರು.

ನಿವೃತ್ತಿಗೆ ಎಂಟು ತಿಂಗಳು ಮೊದಲೇ ತಾರೀಖು ತಿದ್ದಲು ಅರ್ಜಿ ಕೊಟ್ಟಿದ್ದರು. ಉತ್ತರ ಬಂದಿರಲಿಲ್ಲ. ಅರ್ಜಿಯ ನಕಲು ಪ್ಲಾಸ್ಟಿಕ್ ಕವರಿನಲ್ಲಿ ಅವರ ಅಂಗಿಯ ಒಳಜೇಬಿನಲ್ಲಿರುತ್ತಿತ್ತು. ಆಡುವಾಗ ಅದನ್ನು ನನ್ನ ಕೈಗೆ ಕೊಟ್ಟು ಅಂಗಣಕ್ಕೆ ಇಳಿಯುತ್ತಿದ್ದರು. ನಿವೃತ್ತಿಯ ನಂತರದ ಆರು ತಿಂಗಳಲ್ಲಿ ಅವರ ಪರವಾಗಿ ಮೂರು ಜ್ಞಾಪನ ಪತ್ರ ಬರೆದುಕೊಟ್ಟವನು ನಾನೇ. ಅವರ ನಿಜವಾದ ಜನ್ಮದಿನಾಂಕ ನನಗೆ ಬಾಯಿಪಾಠವಾಗಿತ್ತು.

ಅವರಿಗೆ ಬೇಕಾಗಿದ್ದದ್ದು ಒಂದೇ, ಆ ನಾಲ್ಕು ವರ್ಷ ಮತ್ತೆ ಜೀಪಿನಲ್ಲಿ ಕೂರುವುದು. ನಮ್ಮ ಜೊತೆ ಆಡುವುದು ಅವರಿಗೆ ಹೊತ್ತು ಕಳೆಯುವ ದಾರಿ, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. "ಆರ್ಡರ್ ಬರೋವರ್ಗೂ ಅಷ್ಟೇ ನಾನು ಮುದುಕ" ಎನ್ನುತ್ತಿದ್ದರು.

"ಸತ್ತೋನ ವಯಸ್ಸು, ಬದುಕಿರೋನ ತೋಳು. ಇಂಥ ಆಟಗಾರ ಇನ್ನೆಲ್ಲಿ ಸಿಗ್ತಾನ್ರೀ?" ಎಂದು ಶಿರಸ್ತೇದಾರರು ಅವರ ಬೆನ್ನು ತಟ್ಟುತ್ತಿದ್ದರು.

ಚನ್ನಗಿರಿಯ ನಿವೃತ್ತರು ಪ್ರತಿ ಜನವರಿಯಲ್ಲಿ ಪಂದ್ಯ ಏರ್ಪಡಿಸುತ್ತಿದ್ದರು. ಐವತ್ತೈದು ತುಂಬಿದವರಿಗೆ ಮಾತ್ರ ಪ್ರವೇಶ. ಆ ವರ್ಷ ಬಾಡಿಗೆಗೆ ಒಂದು ಮೆಟಡೋರ್ ವ್ಯಾನ್ ಗೊತ್ತು ಮಾಡಿ ಹೋದೆವು. ಮಾಲೀಕನನ್ನು ಒಪ್ಪಿಸಿ ಡ್ರೈವರೇ ಓಡಿಸಿದರು. ಸ್ಟೇರಿಂಗ್ ಹಿಡಿದು ಆರು ತಿಂಗಳಾಗಿತ್ತು.

ಬೆಳಗಿನ ಆಟದಲ್ಲಿ ಚನ್ನಗಿರಿಯವರನ್ನು ಜಗಳೂರು ಸೋಲಿಸಿತು. ನಮ್ಮ ಸರದಿ ಬಂದಾಗ ಜಗಳೂರಿನ ನಾಯಕರು ಅಂಗಣದ ನಡುವೆ ಬಂದು ನಿಂತರು. ಅವರು ನಿವೃತ್ತ ಸಬ್ ರಿಜಿಸ್ಟ್ರಾರ್. ಬಿಸಿಲಿಲ್ಲದಿದ್ದರೂ ಕೈಯಲ್ಲಿ ಕೊಡೆ.

"ಇವ್ರು ಆಡಂಗಿಲ್ಲ" ಎಂದು ಡ್ರೈವರ ಕಡೆ ಕೊಡೆ ತೋರಿಸಿದರು.

"ಯಾಕ್ರೀ? ನಿಮ್ಗೆ ಹೊಡೆತ ತಡೆಯಾಕೆ ಆಗಲ್ಲ ಅಂತಲಾ?" ಶಿರಸ್ತೇದಾರರು ಕೇಳಿದರು.

"ನಿಯಮ ಏನೈತ್ರೀ? ಐವತ್ತೈದು ತುಂಬಿರ್ಬೇಕು. ಇವ್ರು ನನಗಿನ್ನೂ ಐವತ್ತೊಂದು ಅಂತ ಮೇಲಕ್ಕೆ ಅರ್ಜಿ ಗುಜರಾಯಿಸ್ಯಾರೆ. ಜಗಳೂರಿಗೆ ನೀರು ಬರಾಕಿಲ್ಲ ಅಷ್ಟೇರೀ, ಸುದ್ದಿ ಎಲ್ಲಾ ಬರ್ತೈತೆ."

"ರಿಟೈರಾದ ಆರ್ಡರ್ ಐತೆ. ಸರ್ಕಾರನೇ ಐವತ್ತೈದು ಅಂದೈತೆ."

"ಸರ್ಕಾರ ಹೌದು ಅಂದೈತೆ, ಇವ್ರು ಅಲ್ಲ ಅಂದಾರೆ. ಎರಡರಾಗೆ ಯಾವುದು ಅಂತ ಇವ್ರೇ ಬರ್ದು ಕೊಡ್ಲಿ. ಐವತ್ತೈದು ಅಂತ ಸಹಿ ಹಾಕಿದ್ರೆ ನಾವು ತಕರಾರು ಎತ್ತಂಗಿಲ್ಲ."

ಅವರು ಕೆಟ್ಟವರಾಗಿರಲಿಲ್ಲ. ಬದುಕಿಡೀ ಪತ್ರ ನೋಂದಾಯಿಸಿದವರಿಗೆ ಬಾಯಿಮಾತು ಸಾಕಾಗುತ್ತಿರಲಿಲ್ಲ, ಅಷ್ಟೇ. ಮತ್ತು ಅವರು ಕೇಳಿದ್ದು ನ್ಯಾಯವಾಗಿತ್ತು.

ಈ ಆಟಕ್ಕೆ ಐದು ಜನ ಬೇಕು. ನಮ್ಮ ಆರನೆಯವರು ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಅವರ ಮಂಡಿ ಬೆಳಿಗ್ಗೆಯೇ ಊದಿಕೊಂಡಿತ್ತು, ಮೆಟಡೋರಿನಿಂದ ಇಳಿದಿರಲಿಲ್ಲ.

"ನಾನು ವ್ಯಾನಲ್ಲಿ ಕುಂತ್ಕಂತೀನಿ ಬಿಡ್ರಿ ಸಾರ್. ನಾಲ್ಕೇ ಜನ ಆಡ್ರಿ" ಎಂದರು ಡ್ರೈವರ್.

"ನಾಲ್ಕು ಜನ ಬೇಕಾಗೋದು ಆಡಾಕಲ್ಲ ಮಾರಾಯಾ, ಹೊರಾಕೆ" ಎಂದರು ಶಿರಸ್ತೇದಾರರು. ಎಲ್ಲರೂ ನಕ್ಕರು. ಆಮೇಲೆ ಅವರು ದನಿ ತಗ್ಗಿಸಿದರು. "ಒಂದು ಸಹಿ ಹಾಕಿದ್ರೆ ಏನಾಗ್ತದೆ? ಆಟದ ಮೈದಾನದ ಕಾಗದ ಯಾರು ನೋಡ್ತಾರೆ?"

ಅಂಕದ ಪುಸ್ತಕದಿಂದ ಒಂದು ಹಾಳೆ ಹರಿದು ನಾನು ಬರೆಯಲು ಕುಳಿತೆ. ಮೊದಲು ಬರೆದದ್ದು ನನಗೆ ಅಕ್ಷರಶಃ ನೆನಪಿದೆ: "ಈ ಪಂದ್ಯದ ಮಟ್ಟಿಗೆ ಮಾತ್ರ, ನನ್ನ ಸೇವಾ ಪುಸ್ತಕದಲ್ಲಿ ನಮೂದಾಗಿರುವ ಜನ್ಮ ದಿನಾಂಕವು ಸರಿಯಾಗಿದೆಯೆಂದೂ, ನನಗೆ ಐವತ್ತೈದು ವರ್ಷ ತುಂಬಿದೆಯೆಂದೂ ಒಪ್ಪಿ ಬರೆದುಕೊಟ್ಟ ಮುಚ್ಚಳಿಕೆ." ಓದಿ ನೋಡಿದೆ. ಮೊದಲ ನಾಲ್ಕು ಪದಗಳು ಅನಗತ್ಯ ಅನ್ನಿಸಿತು. ಪಂದ್ಯದ ದಿನ, ಪಂದ್ಯದ ಮೈದಾನದಲ್ಲಿ, ಪಂದ್ಯಕ್ಕಾಗಿ ಬರೆದದ್ದು ಇನ್ನಾವುದರ ಮಟ್ಟಿಗೆ ಆಗಲು ಸಾಧ್ಯ? ಮೂವತ್ತು ವರ್ಷ ಇಂಥ ಪದಗಳನ್ನು ಹೊಡೆದುಹಾಕುವುದೇ ನನ್ನ ಕೆಲಸವಾಗಿತ್ತು. ಹೊಡೆದುಹಾಕಿ, ಇನ್ನೊಂದು ಹಾಳೆಯಲ್ಲಿ ಶುದ್ಧಪ್ರತಿ ಮಾಡಿದೆ.

ಡ್ರೈವರ್ ಅದನ್ನು ತುಟಿ ಆಡಿಸುತ್ತ ನಿಧಾನವಾಗಿ ಓದಿದರು. ಶಿರಸ್ತೇದಾರರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಸಾರ್, ಆಫೀಸಿಗೆ ಗೊತ್ತಾದ್ರೆ ನನ್ನ ಅರ್ಜಿಗೆ ಏನೂ ಆಗಲ್ವಾ?"

"ಇದು ಆಟಕ್ಕೆ ಮಾತ್ರ" ಎಂದೆ.

ಹೇಳಿದೆ. ಕಾಗದದಲ್ಲಿ ಅದು ಇರಲಿಲ್ಲ. ಅವರು ಮೆಟಡೋರಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಸಹಿ ಹಾಕಿದರು. ಸಾಕ್ಷಿಗಳಾಗಿ ಶಿರಸ್ತೇದಾರರೂ ನಾನೂ ಸಹಿ ಹಾಕಿದೆವು. ಜಗಳೂರಿನ ನಾಯಕರು ಎರಡು ಸಲ ಓದಿ, "ಈಗ ಸರಿ" ಎಂದು ವಾಪಸ್ ಕೊಟ್ಟರು. ಶಿರಸ್ತೇದಾರರು ಅದನ್ನು ಮಡಿಸಿ ತಮ್ಮ ಕಡತದೊಳಗೆ ಇಟ್ಟರು.

ಮೂರನೆಯ ಆಟದವರೆಗೆ ಹೋಗಿ ಗೆದ್ದೆವು. ಕೊನೆಯ ಏಳು ಅಂಕಗಳಲ್ಲಿ ಐದು ಡ್ರೈವರದ್ದು. ಜಗಳೂರಿನ ನಾಯಕರು ಬಂದು ಅವರ ಕೈ ಹಿಡಿದು, "ಐವತ್ತೈದಕ್ಕೆ ಹಿಂಗೆ ಆಡಿದ್ರೆ, ಐವತ್ತೊಂದರಾಗೆ ಹೆಂಗೆ ಆಡ್ತಿದ್ರೋ" ಎಂದರು. ಡ್ರೈವರೂ ನಕ್ಕರು.

ಬರುವಾಗ ಸೂಳೆಕೆರೆ ಏರಿಯ ಮೇಲೆ ನಿಲ್ಲಿಸಿದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡಿದ್ದೆವು. ಬಹುಮಾನದ ಬಟ್ಟಲಿನಲ್ಲೇ ಮಂಡಕ್ಕಿ ಕಲಸಿದರು.

"ಆರ್ಡರ್ ಬಂದ್ರೆ ಮುಂದಿನ ವರ್ಷ ನಾನಿರಲ್ಲ. ಬೇರೆಯೋರ್ನ ಹುಡಿಕ್ಕಳ್ರಿ" ಎಂದರು ಡ್ರೈವರ್, ನೀರಿನ ಕಡೆ ನೋಡುತ್ತ.

"ಆರ್ಡರ್ ಬರದಂಗೆ ಪೂಜೆ ಮಾಡಿಸ್ತೀವಿ ಕಣಯ್ಯಾ, ಸುಮ್ನಿರು" ಎಂದರು ಶಿರಸ್ತೇದಾರರು. ಹೆಡ್‌ಮಾಸ್ತರರು ನಗುತ್ತ ಕೆಮ್ಮಿದರು. ನಾನೂ ನಕ್ಕೆನೆಂದು ನೆನಪು.

ಮರುದಿನ ಆರು ವಾಕ್ಯಗಳ ವರದಿ ಕಳಿಸಿದೆ. ನಾಲ್ಕನೆಯ ವಾಕ್ಯದಲ್ಲಿ, ಆಟಗಾರರೊಬ್ಬರ ವಯಸ್ಸಿನ ಬಗ್ಗೆ ಆಕ್ಷೇಪ ಬಂದಿತೆಂದೂ, ನಿವೃತ್ತ ಚಾಲಕರಾದ ಅವರು ತಮಗೆ ಐವತ್ತೈದು ತುಂಬಿದೆಯೆಂದು ಲಿಖಿತ ಹೇಳಿಕೆ ಕೊಟ್ಟ ಮೇಲೆ ಆಟ ಆರಂಭವಾಯಿತೆಂದೂ ಬರೆದಿದ್ದೆ. ಅವರ ಹೆಸರು, ಇಲಾಖೆ, ಎರಡನ್ನೂ ಕೊಟ್ಟಿದ್ದೆ. ಆ ವಾಕ್ಯ ಬೇಕಿರಲಿಲ್ಲ. ಆದರೆ ತಕರಾರಿಲ್ಲದ ಆಟದ ವರದಿಯನ್ನು ಯಾರೂ ಓದುವುದಿಲ್ಲವೆಂದು ನನಗೆ ಗೊತ್ತಿತ್ತು. ಪಂದ್ಯದ ದಿನ ಅನಗತ್ಯ ಪದ ಹೊಡೆದುಹಾಕಿದವನು ಈ ದಿನ ಅನಗತ್ಯ ವಾಕ್ಯ ಉಳಿಸಿದೆ. ಮೂರನೆಯ ದಿನ ವರದಿ ಅಚ್ಚಾಗಿ ಬಂತು. ಒಂದು ತಪ್ಪೂ ಇರಲಿಲ್ಲ. ಶಿರಸ್ತೇದಾರರು ಕತ್ತರಿಸಿ ಅಂಗಣದ ಪಕ್ಕದ ಬೇವಿನ ಮರಕ್ಕೆ ಅಂಟಿಸಿದರು.

ತಮ್ಮ ನೌಕರರ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ಕತ್ತರಿಸಿ ಆಯಾ ಕಡತಕ್ಕೆ ಸೇರಿಸುವ ಪದ್ಧತಿ ಕಚೇರಿಗಳಲ್ಲಿತ್ತು. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಏಪ್ರಿಲ್‌ನಲ್ಲಿ ಡ್ರೈವರ್ ಒಂದು ಲಕೋಟೆ ಹಿಡಿದು ನನ್ನ ಮನೆಗೆ ಬಂದರು. ಜಗಲಿಯ ಮೇಲೆ ಕೂರಲಿಲ್ಲ. ಪತ್ರಿಕಾ ವರದಿಯಲ್ಲಿರುವ ಲಿಖಿತ ಹೇಳಿಕೆ ತಾವು ಕೊಟ್ಟದ್ದು ಹೌದೇ, ಅಲ್ಲವೇ ಎಂದು ಕಚೇರಿ ಕೇಳಿತ್ತು.

"ಆಟಕ್ಕೆ ಮಾತ್ರ ಅಂದಿದ್ರಿ ಸಾರ್" ಎಂದರು. ದನಿ ಏರಿಸಲಿಲ್ಲ.

ಮುಚ್ಚಳಿಕೆಯ ಮೂಲ ಪ್ರತಿ ಒದಗಿಸಬೇಕೆಂದು ತಂಡದ ನಾಯಕರಾದ ಶಿರಸ್ತೇದಾರರಿಗೂ ಪತ್ರ ಬಂದಿತ್ತು. ನಾನು ಅವರ ಮನೆಗೆ ಹೋದೆ.

"ಸಿಕ್ಕಿಲ್ಲ ಅಂತ ಬರೀರಿ" ಎಂದೆ.

"ಏನ್ರೀ ಹೇಳ್ತೀರಾ ನೀವು? ಮೂವತ್ತೊಂದು ವರ್ಷದಾಗೆ ಒಂದು ಕಾಗದ ಕಳ್ಕಂಡಿಲ್ಲ ನಾನು. ಈಗ ರಿಟೈರಾದ ಮ್ಯಾಲೆ ಕಳ್ಕಳಾಕಾಗ್ತದಾ?"

"ಅವರ ನಾಲ್ಕು ವರ್ಷ ಹೋಗ್ತದೆ."

"ಸಹಿ ಅವ್ರದ್ದೇ ತಾನೇ? ಬರ್ದಿದ್ದು ನೀವೇ ತಾನೇ? ನಂದೇನೈತೆ ಇದ್ರಾಗೆ, ಜೋಪಾನ ಮಾಡಿದ್ದು ಬಿಟ್ರೆ?"

ಶಿರಸ್ತೇದಾರರು ಮುಚ್ಚಳಿಕೆಯನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಒಂದು ನಕಲು ಇಟ್ಟುಕೊಂಡರು.

ಹೇಳಿಕೆ ಪಂದ್ಯಕ್ಕೆ ಮಾತ್ರ ಸೀಮಿತವಾಗಿತ್ತೆಂದು ನಾನು ಎರಡು ಪುಟದ ವಿವರಣೆ ಬರೆದು ಕಳಿಸಿದೆ. ಮಳೆಗಾಲದಲ್ಲಿ ಆದೇಶ ಬಂತು. ಅಂಥ ಮಿತಿಯು ಪತ್ರದಲ್ಲಿ ಎಲ್ಲಿಯೂ ನಮೂದಾಗಿಲ್ಲ ಎಂದಿತ್ತು. ಅರ್ಜಿದಾರರ ಜ್ಞಾಪನ ಪತ್ರಗಳೂ ಅವಕ್ಕೆ ವ್ಯತಿರಿಕ್ತವಾದ ಮುಚ್ಚಳಿಕೆಯೂ ಈ ವಿವರಣೆಯೂ ಒಂದೇ ಕೈಬರಹದಲ್ಲಿರುವುದನ್ನು ಗಮನಿಸಲಾಗಿದೆ ಎಂದಿತ್ತು. ಅರ್ಜಿಯನ್ನು ತಿರಸ್ಕರಿಸಲಾಗಿತ್ತು.

ಮರುದಿನ ಡ್ರೈವರ್ ಆಟಕ್ಕೆ ಬರಲಿಲ್ಲ. ರಜೆ ಚೀಟಿಯೂ ಬರಲಿಲ್ಲ. ಶಿರಸ್ತೇದಾರರು ಒಂದು ತಿಂಗಳು ದಿನವೂ ಅವರ ಹೆಸರಿನ ಮುಂದೆ "ಗೈರುಹಾಜರಿ" ಎಂದು ಕೆಂಪು ಶಾಯಿಯಲ್ಲಿ ಬರೆದರು. ತಿಂಗಳು ಮುಗಿದ ಮೇಲೆ ಹೆಸರು ಹೊಡೆದರು.

ನಾನು ಒಮ್ಮೆ ನ್ಯಾಮತಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅವ್ರಿಲ್ಲ ಅಣ್ಣಾರೆ. ಸವಳಂಗಕ್ಕೆ ಹೋಗ್ಯಾರೆ."

ಅವರ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇತ್ತು. ನಾನು ನೋಡಿದ್ದನ್ನು ಆಕೆಯೂ ನೋಡಿದರು. ಮೊರ ಕೆಳಗಿಡಲಿಲ್ಲ.

"ನಿಮ್ಮ ಅಕ್ಷರ ಭಾಳ ಚೆಂದ ಅಂತ ಹೇಳ್ತಿದ್ರು" ಎಂದರು. "ಆಫೀಸ್ನೋರೂ ಗುರ್ತು ಹಿಡಿದ್ರಂತೆ. ನೀರು ಕುಡೀತೀರೇನು?"

ಬೇಡವೆಂದು ಹೇಳಿ ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಮುಂದಿನ ವರ್ಷ ಜಗಳೂರಿನ ನಾಯಕರಿಂದ ಶಿರಸ್ತೇದಾರರಿಗೆ ಒಂದು ಕಾರ್ಡು ಬಂತು. ನಡೆದದ್ದು ಅವರ ಕಿವಿಗೆ ಬಿದ್ದಿತ್ತು. ದಾವಣಗೆರೆಯಲ್ಲಿ ತಮಗೆ ಗುರುತಿದ್ದ ಮೆಟಡೋರ್ ಮಾಲೀಕರೊಬ್ಬರ ಹತ್ತಿರ ಡ್ರೈವರಿಗೆ ಕೆಲಸ ಕೊಡಿಸಿದ್ದಾಗಿ ಬರೆದಿದ್ದರು. ಆಕ್ಷೇಪ ಎತ್ತಿದವರು ಅವರು. ಡ್ರೈವರ ತೋಳಿನಿಂದ ಬಟ್ಟಲು ಗೆದ್ದವರು ನಾವು. ಕೆಲಸ ಹುಡುಕುವ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಶಿರಸ್ತೇದಾರರು ಕಾರ್ಡನ್ನು ಓದಿ, ತಾರೀಖು ಹಾಕಿ, ಕಡತಕ್ಕೆ ಸೇರಿಸಿದರು.

ಡ್ರೈವರ್ ಒಂದು ಮೇಲ್ಮನವಿ ಹಾಕಿದರೆಂದೂ ಅದೂ ತಿರಸ್ಕೃತವಾಯಿತೆಂದೂ ಕೇಳಿದೆ. ಅದನ್ನು ಬರೆದುಕೊಡಲು ಅವರು ನನ್ನ ಹತ್ತಿರ ಬರಲಿಲ್ಲ.

೧೯೮೨ರಲ್ಲಿ ಒಂದು ಬೆಳಿಗ್ಗೆ, ಆಟದ ನಡುವೆ, ಹೈಸ್ಕೂಲಿನ ಗೇಟಿನ ಹತ್ತಿರ ಮೆಟಡೋರ್ ನಿಂತಿತು. ಡ್ರೈವರ್ ಇಳಿದು ಬಂದರು. ಖಾಕಿ ಅಂಗಿ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಣದಲ್ಲಿದ್ದವರು ಆಟ ನಿಲ್ಲಿಸಿದರು. "ಏನ್ ಡ್ರೈವರೇ, ಚೀಟಿ ತಂದೀರಾ?" ಎಂದು ಶಿರಸ್ತೇದಾರರು ಕೂಗಿದರು. ಅವರು ಆ ಕಡೆ ತಿರುಗಲಿಲ್ಲ. ನಾನು ಕುಳಿತಿದ್ದ ಕಲ್ಲಿನ ಮುಂದೆ ಬಂದು ನಿಂತರು.

"ಇವತ್ತು ಏನು ದಿನ ಗೊತ್ತಾ ಸಾರ್?"

ಗೊತ್ತಿತ್ತು. ಮೂರು ಜ್ಞಾಪನ ಪತ್ರಗಳಲ್ಲಿ ನಾನೇ ಬರೆದ ತಾರೀಖು.

"ಇವತ್ತಿಗೆ ನನಗೆ ಐವತ್ತೈದು ತುಂಬ್ತು. ಈಗ ಬರೀರಿ, ಸಹಿ ಹಾಕ್ತೀನಿ."

ಅಂಕದ ಪುಸ್ತಕ ನನ್ನ ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲಿತ್ತು. ಯಾರೋ ಚಹಾ ತಂದುಕೊಟ್ಟರು, ಡ್ರೈವರ್ ಅದನ್ನು ಕುಡಿಯದೆ ಕಲ್ಲಿನ ಮೇಲಿಟ್ಟರು. ಆಮೇಲೆ ಪ್ರಯಾಣಿಕರು ಕಾಯುತ್ತಿದ್ದಾರೆ ಎಂದು ಹೇಳಿ ಹೊರಟುಹೋದರು.

ಆ ದಿನದ ಪುಟದಲ್ಲಿ ಅಂಕಗಳು ಅರ್ಧಕ್ಕೆ ನಿಂತಿವೆ. ಬೇರೇನೂ ಬರೆದಿಲ್ಲ.

ಶಿರಸ್ತೇದಾರರು ೧೯೮೫ರಲ್ಲಿ ತೀರಿಕೊಂಡರು. ಅವರ ಮನೆಯವರು ಹಾಜರಿ ಪುಸ್ತಕಗಳನ್ನೂ ಕಡತವನ್ನೂ ನನಗೆ ಕಳಿಸಿಕೊಟ್ಟರು. ಮುಚ್ಚಳಿಕೆಯ ನಕಲು ಅದರಲ್ಲಿದೆ.

೧೯೮೭ರ ಜನವರಿಯ ಪಂದ್ಯಕ್ಕೆ ಐದು ಜನ ಸೇರದ ಕಾರಣ ಹೊನ್ನಾಳಿ–ನ್ಯಾಮತಿ ತಂಡ ಹೋಗಲಿಲ್ಲ. ವರದಿ ಮಾಡಲು ನಾನು ಬಸ್ಸಿನಲ್ಲಿ ಚನ್ನಗಿರಿಗೆ ಹೋಗಿದ್ದೆ. ಜಗಳೂರು ತಂಡ ಮೆಟಡೋರಿನಲ್ಲಿ ಬಂತು. ಓಡಿಸಿಕೊಂಡು ಬಂದವರು ಡ್ರೈವರ್. ಜಗಳೂರಿನ ಪರವಾಗಿ ಅವರು ಮಧ್ಯದ ಸ್ಥಾನದಲ್ಲಿ ಆಡಿದರು. ಜಗಳೂರು ಗೆದ್ದಿತು.